ವೈಫೈ ಹೋಗಿಲ್ಲ ಅಪ್ಪಾ, ಹೋಗಿದ್ದು ಇಂಟರ್ನೆಟ್ಟು!

ಕಳೆದ ಮಳೆಗಾಲದಲ್ಲಿ ಒಂದಿನ ಬೆಳಿಗ್ಗೆ ಊರಿಂದ ಅಪ್ಪನ ಫೋನು. "ವೈಫೈ ಹೋಗಿದ್ಯಲ್ಲೋ, ಎಂತ ಮಾಡದು?"

ನಾನು ಆಫೀಸಿಗೆ ಹೊರಟಿದ್ದೆ. "ಒಂದ್ಸಲ ರೀಸ್ಟಾರ್ಟ್ ಮಾಡು" ಅಂತ ಹೇಳಿ ಇಟ್ಟುಬಿಟ್ಟೆ. ನಮ್ಮೂರಲ್ಲಿ ಮೊಬೈಲ್ ಸಿಗ್ನಲ್ ಬೇಕಂದ್ರೆ ತೋಟದ ಮೇಲಿನ ಗುಡ್ಡ ಹತ್ತಬೇಕು. ಅಪ್ಪ ಇಳಿದುಹೋಗಿ, ಮತ್ತೆ ಹತ್ತಿ ಬಂದು ಫೋನ್ ಮಾಡಿದ. "ಹಿಂದುಗಡೆ ರೀಸೆಟ್ ಅಂತ ಸಣ್ಣ ತೂತಿತ್ತು. ಪಿನ್ನು ಹಾಕಿ ಒತ್ತಿ ಹಿಡಿದೆ. ಈಗ ನಮ್ಮ ವೈಫೈ ಹೆಸರೇ ಕಾಣ್ತಾ ಇಲ್ಲ!"

ತಲೆ ಮೇಲೆ ಕೈ ಹೊತ್ತು ಕೂತೆ. ರೀಸ್ಟಾರ್ಟ್ ಅಂದ್ರೆ ಆಫ್ ಮಾಡಿ ಆನ್ ಮಾಡೋದು. ರೀಸೆಟ್ ಅಂದ್ರೆ ಆ ಡಬ್ಬಿಗೆ ನಾವು ಹೇಳಿಕೊಟ್ಟದ್ದನ್ನೆಲ್ಲ ಮರೆಸೋದು. ಅಸಲಿಗೆ ರಾತ್ರಿ ಮರ ಬಿದ್ದು ಫೈಬರ್ ತುಂಡಾಗಿತ್ತು, ಅಷ್ಟೆ. ಲೈನು ಮಾರನೇ ದಿನವೇ ಸರಿಯಾಯ್ತು. ಎಲ್ಲ ಮರೆತ ಡಬ್ಬಿಗೆ ನೆನಪು ತರಿಸೋಕೆ ಇನ್ನೂ ನಾಲ್ಕು ದಿನ ಹಿಡೀತು. ಅಷ್ಟೂ ದಿನ ಅಮ್ಮನಿಗೆ ಮೊಮ್ಮಗಳ ಮುಖ ನೋಡೋಕಾಗಲಿಲ್ಲ.

ಇದರಲ್ಲಿ ಅಪ್ಪನ ತಪ್ಪಿಲ್ಲ. ಪದ ಕೊಟ್ಟು ಅರ್ಥ ಕೊಡದೇ ಇದ್ದ ನನ್ನದೇ ತಪ್ಪು.

ನಮ್ಮಲ್ಲಿ ತಾಂತ್ರಿಕ ಪದ ಅಂದಕೂಡಲೇ ಜಗಳ ಶುರುವಾಗುತ್ತೆ. ವೈರ್‌ಲೆಸ್‌ಗೆ 'ನಿಸ್ತಂತು' ಸರಿಯೋ, ಆಕ್ಸೆಸ್ ಪಾಯಿಂಟ್‌ಗೆ 'ಪ್ರವೇಶ ಬಿಂದು' ಅನ್ನಬಹುದೋ... ಆಯ್ತು, ಅನ್ನೋಣ. ಆದರೆ ಪ್ರವೇಶ ಬಿಂದು ಅಂದ್ರೆ ನಮ್ಮಪ್ಪ ಜಾತ್ರೆಯ ಗೇಟು ಅಂದ್ಕೊಳ್ತಾನೆ! ಇಂಗ್ಲಿಷಿನವರಿಗೂ ಏನೂ ಹೆಚ್ಚು ಸುಖವಿಲ್ಲ. 'ವೈಫೈ' ಯಾವುದರ ಸಂಕ್ಷಿಪ್ತ ರೂಪವೂ ಅಲ್ಲ. '802.11' ಅನ್ನೋ ಮಾನದಂಡದ ನಂಬರು ಯಾರ ಬಾಯಲ್ಲೂ ನಿಲ್ಲೋದಿಲ್ಲ ಅಂತ 1999ರಲ್ಲಿ ಇಂಟರ್‌ಬ್ರ್ಯಾಂಡ್ ಅನ್ನೋ ಕಂಪನಿಯಿಂದ ಮಾಡಿಸಿದ ಮಾರಾಟದ ಹೆಸರು ಅದು. ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಪದ ಯಾವ ಭಾಷೆಯದಾದರೂ ಇರಲಿ, ಯಾವ ಪದ ಯಾವ ವಸ್ತುವಿನದು ಅಂತ ಮೊದಲು ಕನ್ನಡದಲ್ಲಿ ಹೇಳಿಕೊಡೋಣ.

ಆ ಭಾನುವಾರ ಅಪ್ಪನಿಗೆ ಹೀಗೆ ಹೇಳಿದೆ. ಇಂಟರ್ನೆಟ್ ಅಂದ್ರೆ ಗುಡ್ಡದಿಂದ ಬರೋ ಅಬ್ಬಿ ನೀರು. ವೈಫೈ ಅಂದ್ರೆ ಮನೆಯೊಳಗೆ ಅದನ್ನು ಹಂಚೋ ಪೈಪು, ಕಣ್ಣಿಗೆ ಕಾಣದ್ದು. ಅಬ್ಬಿ ನಿಂತರೆ ಪೈಪು ಬಿಚ್ಚಿ ಏನು ಪ್ರಯೋಜನ? ರೂಟರ್ ಅಂದ್ರೆ ಹೊರಗಿನ ನೀರನ್ನು ಒಳಗಿನ ಪೈಪಿಗೆ ತಿರುಗಿಸೋ ಡಬ್ಬಿ. ಎಸ್‌ಎಸ್‌ಐಡಿ ಅಂದ್ರೆ ಫೋನಿನಲ್ಲಿ ಕಾಣೋ ನಮ್ಮ ವೈಫೈ ಹೆಸರು, ಮನೆಯ ಬೋರ್ಡಿದ್ದಂಗೆ. 2.4 ಮತ್ತು 5 ಗಿಗಾಹರ್ಟ್ಸ್ ಅನ್ನೋದು ಎರಡು ಬ್ಯಾಂಡು: ಮೊದಲನೆಯದು ನಿಧಾನ, ಆದರೆ ಗೋಡೆ ದಾಟುತ್ತೆ, ಎರಡನೆಯದು ಚುರುಕು, ಆದರೆ ನಮ್ಮ ದಪ್ಪ ಮಣ್ಣಿನ ಗೋಡೆ ಕಂಡರೆ ಸುಸ್ತು. ಡಬ್ಲ್ಯುಪಿಎ2, ಡಬ್ಲ್ಯುಪಿಎ3 ಅಂದ್ರೆ ಬೀಗದ ಜಾತಿ. ಪಾಸ್‌ವರ್ಡ್ ಅದರ ಕೀಲಿ. ಕೀಲಿ ಯಾರ್ಯಾರ ಕೈಲಿದೆ ಅನ್ನೋದು ಗೊತ್ತಿರಬೇಕು.

ಇಷ್ಟಕ್ಕೆ ಅರ್ಧ ಗಂಟೆ ಸಾಕಾಯ್ತು. ಅಡಿಕೆಗೆ ಬೋರ್ಡೋ ಮಿಶ್ರಣ ಹದ ಮಾಡೋ ಮನುಷ್ಯನಿಗೆ ಇದೇನು ಮಹಾ? ಸಂಪರ್ಕ ಕೊಡೋ ಕಂಪನಿಗಳು ಡಬ್ಬಿಯ ಜೊತೆ ಒಂದು ಹಾಳೆ ಕನ್ನಡದಲ್ಲಿ ಅಚ್ಚು ಹಾಕಿಸಿ ಕೊಟ್ಟರೆ, ಆ ರೀಸೆಟ್ ತೂತಿನ ಪಕ್ಕ "ಒತ್ತಿದರೆ ಎಲ್ಲ ಅಳಿಸಿಹೋಗುತ್ತದೆ" ಅಂತ ಬರೆದರೆ, ಎಷ್ಟು ಮನೆಗಳಿಗೆ ಉಪಕಾರ! ಅವರು ಮಾಡೋವರೆಗೆ ನಾವೇ ಬರೆದು ಅಂಟಿಸಬೇಕು. ನಾನು ಅಂಟಿಸಿ ಬಂದಿದ್ದೀನಿ.

ಮೊನ್ನೆ ಮತ್ತೆ ಗುಡ್ಡದ ಮೇಲಿಂದ ಫೋನು. "ವೈಫೈ ಇದೆ ಕಣೋ, ಇಂಟರ್ನೆಟ್ ಇಲ್ಲ. ಡಬ್ಬೀಲಿ ಕೆಂಪು ದೀಪ ಉರೀತಿದೆ. ಲೈನಿನವ್ರಿಗೆ ಆಗಲೇ ಹೇಳಿದೆ, ನೀ ತಲೆ ಕೆಡಿಸ್ಕೋಬೇಡ."

ಸಂಜೆಗೆ ಸರಿಯಾಯ್ತು. ನಿಮ್ಮ ಊರಿನ ಡಬ್ಬಿಗೂ ಒಂದು ಚೀಟಿ ಅಂಟಿಸಿ ಬನ್ನಿ.