ಸಂಬಂಧಿಕರಲ್ಲ ಎಂದು ಬರೆದವರಿಗೆ

ಮಾನ್ಯ ಅಧಿಕಾರಿಗಳೇ,

ಎರಡು ರಿಜಿಸ್ಟರ್ಡ್ ಪತ್ರ, ಮೂರು ಫೋನು ಆದಮೇಲೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಬೇರೆ ದಾರಿ ಉಳಿದಿಲ್ಲ.

1968ರ ಫೆಬ್ರವರಿ 7ರ ವಿಷಯ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಚಂಡೀಗಢದಿಂದ ಲೇಹ್‌ಗೆ ಹೊರಟ ವಾಯುಪಡೆಯ ಎಎನ್-12, ಹವಾಮಾನ ಕೆಟ್ಟು ಹಿಂತಿರುಗುವಾಗ ರೋಹ್ತಾಂಗ್ ಬಳಿ ಕಾಣೆಯಾಯಿತು. ಒಳಗಿದ್ದವರು 102 ಮಂದಿ. ನಮ್ಮಪ್ಪ ಆಗ ಸೇನೆಯಲ್ಲಿ, ಲೇಹ್‌ನಲ್ಲಿದ್ದರು. ಪಕ್ಕದ ಹಾಸಿಗೆಯ ಗೆಳೆಯ ರಜೆ ಮುಗಿಸಿ ಅದೇ ವಿಮಾನ ಹತ್ತಿದ್ದ. ಬರುವಾಗ ಒಂದು ಪ್ಯಾಕೆಟ್ ಬ್ಲೇಡು ತಾ ಎಂದು ಅಪ್ಪ ಹೇಳಿ ಕಳಿಸಿದ್ದರಂತೆ. ಆಮೇಲೆ ಅವನ ಹಾಸಿಗೆ ಸುತ್ತಿ, ಟ್ರಂಕಿಗೆ ಬೀಗ ಹಾಕಿ, ಅವನೂರಿಗೆ ಕಳಿಸಿದವರೂ ಅಪ್ಪನೇ.

2003ರಲ್ಲಿ ಪರ್ವತಾರೋಹಿಗಳಿಗೆ ಆ ವಿಮಾನದ ಅವಶೇಷ ಕಂಡಿತು. 2024ರ ಸೆಪ್ಟೆಂಬರಿನಲ್ಲಿ ಇನ್ನೂ ನಾಲ್ಕು ದೇಹ ಸಿಕ್ಕವು. ಅಲ್ಲಿಗೆ ಒಟ್ಟು ಒಂಬತ್ತು. ಟಿವಿಯಲ್ಲಿ ಆ ಸುದ್ದಿ ಬಂದಾಗ ಅಪ್ಪ ತಟ್ಟೆ ಸರಿಸಿ ಎದ್ದುಹೋದರು. ಮರುದಿನ ನಿಮಗೆ ಬರೆದರು: ಅವನು ಸಿಕ್ಕರೆ ನನಗೊಂದು ಸುದ್ದಿ ತಿಳಿಸುತ್ತೀರಾ? ಅಷ್ಟೇ.

"ಖಂಡಿತ, ನಿಮ್ಮ ಹೆಸರು ಬರೆದುಕೊಂಡಿದ್ದೇವೆ" ಎಂದು ನಿಮ್ಮವರು ಫೋನಿನಲ್ಲಿ ಹೇಳಿದರು. ಅಪ್ಪ ಆ ವಾರವೆಲ್ಲ ಬಂದವರಿಗೆಲ್ಲ ಅದನ್ನೇ ಹೇಳಿದರು. ಆರು ತಿಂಗಳಿಗೆ ಒಂದು ಸಾಲಿನ ಕಾಗದ ಬಂತು: ಅರ್ಜಿದಾರರು ಮೃತರ ಸಂಬಂಧಿಕರಲ್ಲ, ಕಡತ ಮುಗಿಸಲಾಗಿದೆ.

ಸಂಬಂಧಿಕರಲ್ಲವೇ? ಒಂದೇ ಬುಖಾರಿ ಒಲೆಯ ಮುಂದೆ ಕೈ ಕಾಸಿಕೊಂಡವರು, ಸ್ವಾಮಿ!

ನಿಮ್ಮ ಬಳಿ ಮರೆಯುವುದಕ್ಕೆ ಇಂಥ ಇನ್ನೂ ಕಡತಗಳಿವೆ. 2009ರಲ್ಲಿ ಮೆಚುಕಾದಿಂದ ಹೊರಟ ಎಎನ್-32 ಬೆಟ್ಟಕ್ಕೆ ಬಡಿದು 13 ಜನ ಹೋದರು. 2019ರಲ್ಲಿ ಅದೇ ಮೆಚುಕಾಗೆ ಹೊರಟ ಎಎನ್-32ರಲ್ಲಿ ಮತ್ತೆ 13 ಜನ. ಅವಶೇಷ ಕಾಣಲು ಎಂಟು ದಿನ ಬೇಕಾಯಿತು. 2021ರಲ್ಲಿ ಕೂನೂರಿನ ಮೋಡದಲ್ಲಿ ಹೆಲಿಕಾಪ್ಟರ್ ಬಿದ್ದು ಜನರಲ್ ಬಿಪಿನ್ ರಾವತ್ ಸೇರಿ 14 ಮಂದಿ. ಪ್ರತಿ ಸಲವೂ ಮೋಡ, ಮಂಜು, ಬೆಟ್ಟ. ಮೋಡ ಕವಿದಾಗ ಹಾರಲೇಬೇಕೆಂದು ಹೇಳುವವರು ಯಾರು, ಬೇಡವೆನ್ನುವ ಅಧಿಕಾರ ಯಾರಿಗಿದೆ ಎಂದು ಮನೆಯವರಿಗಾದರೂ ಹೇಳಬೇಡವೇ? ಅದನ್ನು ಕೇಳಿದರೂ ನಮಗೆ ಸಂಬಂಧವಿಲ್ಲ ಎನ್ನುತ್ತೀರೇನೋ.

ಅಪ್ಪನ ಹೆಸರು ಬರೆದುಕೊಂಡ ಆ ಪುಸ್ತಕ ತೆಗೆಯಿರಿ. ಅಂಚೆಯವನು ನಮ್ಮ ಬೀದಿಗೆ ಹನ್ನೊಂದಕ್ಕೆ ಬರುತ್ತಾನೆ. ಅಪ್ಪ ಹತ್ತೂವರೆಗೇ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ.

ಇತಿ,
ಮಾಜಿ ಹವಾಲ್ದಾರರೊಬ್ಬರ ಮಗಳು
ಸಕಲೇಶಪುರ