ಎಡಗೈಯೂ ನಮ್ಮದೇ

ಒಳ್ಳೆ ಕೆಲಸ ಮಾಡೋದು ಒಂದು, ಅದನ್ನ ಯಾಕೆ ಮಾಡ್ತೀವಿ ಅನ್ನೋದು ಇನ್ನೊಂದು. ಕ್ರೈಸ್ತರ ಬದುಕಲ್ಲಿ ಕಷ್ಟದ ಪರೀಕ್ಷೆ ಈ ಎರಡನೇದೇ ಅನ್ಸುತ್ತೆ.

ಇಲ್ಲಿ ಇಂಗ್ಲೆಂಡಿನ ಕ್ಯಾಂಟರ್‌ಬರಿಯಲ್ಲಿ 1170ರ ಡಿಸೆಂಬರ್ 29ರಂದು ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು ದೊರೆ ಎರಡನೇ ಹೆನ್ರಿಯ ಕಡೆಯ ನಾಲ್ವರು ಚರ್ಚಿನೊಳಗೇ ಕೊಂದರು. ಟಿ.ಎಸ್. ಎಲಿಯಟ್ 1935ರಲ್ಲಿ ಇದನ್ನೇ ನಾಟಕ ಮಾಡಿದ. ಅದರಲ್ಲಿ ಬೆಕೆಟ್‌ಗೆ ಆಸೆ ತೋರಿಸೋಕೆ ನಾಲ್ಕು ಜನ ಬರ್ತಾರೆ. ಸುಖ, ಅಧಿಕಾರ ಅಂತ ಬಂದ ಮೊದಲ ಮೂವರನ್ನ ಸಲೀಸಾಗಿ ಕಳಿಸ್ತಾನೆ. ನಾಲ್ಕನೆಯವನು ಮಾತ್ರ ಅವನು ಒಳಗೊಳಗೇ ಬಯಸಿದ್ದನ್ನ ಬಾಯಿಬಿಟ್ಟು ಹೇಳ್ತಾನೆ: ಧರ್ಮಕ್ಕಾಗಿ ಸತ್ರೆ ಸಂತನಾಗ್ತೀಯ, ಸಮಾಧಿಗೆ ಜನ ಮುಗಿಬೀಳ್ತಾರೆ! ಬೆಕೆಟ್ ನಡುಗೋದು ಆಗಲೇ.

ಹಾಗಂತ ಉದ್ದೇಶ ಪೂರ್ತಿ ಶುದ್ಧ ಆಗೋವರೆಗೂ ಕೈಕಟ್ಟಿ ಕೂರಬೇಕಾ? ಮತ್ತಾಯನ ಸುವಾರ್ತೆಯ 6ನೇ ಅಧ್ಯಾಯದಲ್ಲಿ ಯೇಸು ಹಾಗೆ ಹೇಳಿಲ್ಲ. ದಾನ, ಪ್ರಾರ್ಥನೆ, ಉಪವಾಸ ಮೂರೂ ಇರಲಿ, ಆದ್ರೆ ಜನ ನೋಡಲಿ ಅಂತ ಬೇಡ, ಅಷ್ಟೇ. ಅಲ್ಲಿ ‘ಕಪಟಿಗಳು’ ಅನ್ನೋದಕ್ಕಿರೋ ಗ್ರೀಕ್ ಪದ ನಾಟಕದ ನಟನಿಗೂ ಬಳಕೆಯಲ್ಲಿತ್ತು. ನೋಡೋರಿಲ್ಲದಿದ್ರೆ ನಟನಿಗೇನು ಕೆಲಸ?

ನಮ್ಮ ಸಾಫ್ಟ್‌ವೇರ್‌ನೋರ ಭಾಷೆಯಲ್ಲಿ ಇದೊಂದು ಟೆಸ್ಟ್ ಕೇಸ್. ಯಾರಿಗೂ ಗೊತ್ತಾಗಲ್ಲ ಅಂತ ಖಾತ್ರಿಯಿದ್ರೂ ಇದನ್ನ ಮಾಡ್ತೀನಾ?

ಇದರಲ್ಲಿ ಪಾಸಾದ್ರೂ ಮುಗೀಲಿಲ್ಲ ನೋಡಿ. ಗುಟ್ಟಾಗಿ ಕೊಟ್ಟು, ‘ಆಹಾ, ನಾನೆಷ್ಟು ನಿಸ್ವಾರ್ಥಿ’ ಅಂತ ಒಳಗೇ ಚಪ್ಪಾಳೆ ತಟ್ಕೊಳ್ಳೋನು ಒಬ್ಬ ಇರ್ತಾನಲ್ಲ! ಬಲಗೈ ಮಾಡಿದ್ದು ಎಡಗೈಗೆ ತಿಳಿಯದಿರಲಿ ಅಂದಿದ್ದು ಅದಕ್ಕೇ ಇರಬೇಕು. ಎಡಗೈ ಪಕ್ಕದ ಮನೆಯವರದ್ದಲ್ಲ, ನಮ್ಮದೇ ಅಲ್ವಾ?