ಆಟದ ಇಟ್ಟಿಗೆಗಳ ದೋಣಿ

ಅಮರಗೋಳದಲ್ಲಿ ಕಡಲಿಲ್ಲ, ಹೊಳೆಯಿಲ್ಲ. ಹುಬ್ಬಳ್ಳಿ-ಧಾರವಾಡಗಳ ನಡುವಿನ ಈ ಊರಿನ ಹೆಸರೆತ್ತಿದೊಡನೆ ಜನರಿಗೆ ನೆನಪಾಗುವುದು ಕೃಷಿ ಉತ್ಪನ್ನಗಳ ಮಾರುಕಟ್ಟೆ, ಇಲ್ಲವೇ ಶಂಕರಲಿಂಗ, ಬನಶಂಕರಿಯರ ಹಳೆಯ ಗುಡಿಗಳು. ಹತ್ತಿರದ ದೊಡ್ಡ ನೀರೆಂದರೆ ಉಣಕಲ್ ಕೆರೆ. ಇಂಥ ಊರಿನಲ್ಲಿ ಕುಳಿತು ದೋಣಿ ಕಟ್ಟುವ ಮಾತನ್ನಾಡುವುದು, ಅದೂ ಮಕ್ಕಳಾಡುವ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಕಟ್ಟುವ ಮಾತನ್ನಾಡುವುದು, ಕೆಲವರಿಗೆ ವಿನೋದವೆನಿಸೀತು. ಆದರೂ ನಮ್ಮ ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಕಾಲೇಜಿನಲ್ಲಿಯೂ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆಯಾದರೂ ಇಂಥದೊಂದು ಮೋಟಾರು ದೋಣಿಯನ್ನು ಕಟ್ಟಿ ನೀರಿಗಿಳಿಸಬೇಕೆಂಬುದೇ ನಮ್ಮ ವಾದ.

ಇದಕ್ಕೆ ಕಾರಣವುಂಟು. ಆರ್ಕಿಮಿಡೀಸನ ತತ್ತ್ವವನ್ನು ಹೇಳೆಂದರೆ ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿಯನ್ನೇ ಕರೆದು, "ಈ ಡಬ್ಬಿಯ ಮೇಲೆ ಇನ್ನೂರು ಗ್ರಾಂ ತೂಕವಿಟ್ಟರೆ ಅದು ಇನ್ನೆಷ್ಟು ಆಳಕ್ಕೆ ಇಳಿದೀತು?" ಎಂದು ಕೇಳಿ ನೋಡಿರಿ. ಬಹುಮಟ್ಟಿಗೆ ದೊರೆಯುವ ಉತ್ತರ ಮೌನವೇ. ತತ್ತ್ವವು ನಾಲಿಗೆಯ ಮೇಲಿದೆ, ಕೈಗೆ ಇಳಿದಿಲ್ಲ. ಇಳಿಸುವ ಬಗೆ ಹೇಗೆ?

ಆಟದ ಇಟ್ಟಿಗೆಯು ಇಲ್ಲಿ ನೆರವಿಗೆ ಬರುತ್ತದೆ. ಡೆನ್ಮಾರ್ಕಿನ ಲೆಗೊ ಸಂಸ್ಥೆಯು ಇಂದಿನ ರೂಪದ ಇಟ್ಟಿಗೆಗೆ ಪೇಟೆಂಟ್ ಕೋರಿ ಅರ್ಜಿ ಸಲ್ಲಿಸಿದ್ದು ೧೯೫೮ರ ಜನವರಿ ೨೮ರಂದು. ಅಂದಿನ ಇಟ್ಟಿಗೆಯ ಮೇಲೆ ಇಂದಿನದು ಕೂಡುವಷ್ಟು ಅದರ ಅಳತೆ ಕರಾರುವಾಕ್ಕಾಗಿದೆ. ಎಂಟು ಗುಬ್ಬಿಗಳುಳ್ಳ ಸಾಮಾನ್ಯ ಇಟ್ಟಿಗೆಯ ಉದ್ದ ಸುಮಾರು ೩.೨ ಸೆಂಟಿಮೀಟರ್, ಅಗಲ ೧.೬, ಎತ್ತರ ೦.೯೬, ತೂಕ ಸುಮಾರು ೨.೩ ಗ್ರಾಂ. ಅದರ ಪ್ಲಾಸ್ಟಿಕ್ಕಿನ ಸಾಂದ್ರತೆ ನೀರಿನದಕ್ಕಿಂತ ಸ್ವಲ್ಪ ಹೆಚ್ಚು, ಘನ ಸೆಂಟಿಮೀಟರಿಗೆ ಸುಮಾರು ೧.೦೫ ಗ್ರಾಂ. ಎಂದರೆ ಈ ಪದಾರ್ಥವು ನೀರಿನಲ್ಲಿ ಮುಳುಗತಕ್ಕದ್ದು. ಮುಳುಗುವ ಪದಾರ್ಥದಿಂದ ತೇಲುವ ದೋಣಿಯನ್ನು ಕಟ್ಟಬೇಕು. ಉಕ್ಕಿನ ಹಡಗನ್ನು ಕಟ್ಟುವ ಶಿಲ್ಪಿಯ ಮುಂದಿರುವ ಸಮಸ್ಯೆಯೂ ಇದೇ ಅಲ್ಲವೇ?

ಈಗ ಲೆಕ್ಕ ಹಾಕೋಣ. ಉದ್ದಕ್ಕೆ ಹತ್ತು, ಅಗಲಕ್ಕೆ ಹತ್ತು ಇಟ್ಟಿಗೆಗಳನ್ನು ಹಾಸಿದರೆ ೩೨ ಸೆಂಟಿಮೀಟರ್ ಉದ್ದ, ೧೬ ಸೆಂಟಿಮೀಟರ್ ಅಗಲದ ತಳವಾಯಿತು. ಬೆಸುಗೆ ಭದ್ರವಾಗಲೆಂದು ಮೇಲೊಂದು ಪದರವನ್ನು ಸಂದು ತಪ್ಪಿಸಿ ಹಾಸಬೇಕು; ಒಟ್ಟು ಇನ್ನೂರು ಇಟ್ಟಿಗೆ. ಸುತ್ತಲೂ ಮೂರು ವರಸೆ ಗೋಡೆಗೆ ಎಂಬತ್ತನಾಲ್ಕು. ಇವೆಲ್ಲವುಗಳ ತೂಕ ಸುಮಾರು ೬೫೩ ಗ್ರಾಂ. ಮೋಟಾರು, ಹಲ್ಲುಚಕ್ರ, ಪ್ರೊಪೆಲ್ಲರ್, ಬ್ಯಾಟರಿಗಳು ಸೇರಿ ೩೭೦ ಗ್ರಾಂ ಎಂದಿಟ್ಟುಕೊಂಡರೆ ಒಟ್ಟು ಸುಮಾರು ೧೦೨೪ ಗ್ರಾಂ. ತಳದ ವಿಸ್ತೀರ್ಣ ೫೧೨ ಚದರ ಸೆಂಟಿಮೀಟರ್. ಆದುದರಿಂದ ದೋಣಿಯು ಒಂದು ಸೆಂಟಿಮೀಟರ್ ಇಳಿದಾಗಲೆಲ್ಲ ೫೧೨ ಗ್ರಾಂ ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಹಾಗಾದರೆ ನಮ್ಮ ದೋಣಿ ಎರಡು ಸೆಂಟಿಮೀಟರ್ ಇಳಿದು ನಿಲ್ಲಬೇಕು. ಮೇಲಿನ ಪ್ರಶ್ನೆಯ ಇನ್ನೂರು ಗ್ರಾಂ ಹೇರಿದರೆ ಇನ್ನು ನಾಲ್ಕು ಮಿಲಿಮೀಟರ್, ಅಷ್ಟೆ.

ಆದರೆ ನೀರಿಗಿಳಿಸಿ ಅಳೆದರೆ ಎರಡಕ್ಕೆ ಬದಲು ಎರಡೂವರೆಯವರೆಗೂ ಬಂದೀತು. ಲೆಕ್ಕ ತಪ್ಪಿತೇ? ಇಲ್ಲ, ಇಟ್ಟಿಗೆಯ ಕೆಳಗಡೆ ಟೊಳ್ಳು. ಕೆಳಪದರದ ನೂರು ಟೊಳ್ಳುಗಳಲ್ಲಿ ಸಿಕ್ಕಿದ್ದ ಗಾಳಿಯು ಹೊರಬಿದ್ದು ನೀರು ಒಳಹೊಕ್ಕರೆ, ದೋಣಿಯು ಸರಿಸುವ ನೀರಿನಲ್ಲಿ ಸುಮಾರು ೨೬೦ ಘನ ಸೆಂಟಿಮೀಟರ್ ಕಡಿಮೆಯಾಗುತ್ತದೆ. ಅದನ್ನು ತುಂಬಿಕೊಳ್ಳಲು ದೋಣಿ ಇನ್ನರ್ಧ ಸೆಂಟಿಮೀಟರ್ ಇಳಿಯಲೇಬೇಕು. ಲೆಕ್ಕಕ್ಕೂ ಅಳತೆಗೂ ನಡುವಣ ಈ ಅರ್ಧ ಸೆಂಟಿಮೀಟರಿನ ಕಾರಣವನ್ನು ತಾನೇ ಹುಡುಕಿ ಕಂಡುಕೊಂಡ ವಿದ್ಯಾರ್ಥಿಯು ವಿಜ್ಞಾನದ ಹೊಸ್ತಿಲನ್ನು ದಾಟಿದನೆಂದೇ ನಮ್ಮ ಎಣಿಕೆ. ಅಂಗಡಿಯಲ್ಲಿ ದೊರೆಯುವ ಒಂದೇ ಅಚ್ಚಿನ ಸಿದ್ಧ ಒಡಲನ್ನು ತಂದು ತೇಲಿಸಿದವನಿಗೆ ಈ ಲಾಭವಿಲ್ಲ.

ಸಂದುಗಳಿಂದ ನೀರು ಜಿನುಗುವುದು ಇನ್ನೊಂದು ಪಾಠ. ತುಂಗಭದ್ರೆಯ ಹರಿಗೋಲನ್ನು ನೆನೆಯಿರಿ. ಬಿದಿರಿನ ಹೆಣಿಗೆ ತಾನಾಗಿ ನೀರನ್ನು ತಡೆಯಲಾರದು. ಅದಕ್ಕೆ ಹಿಂದೆ ತೊಗಲನ್ನು ಹೊದಿಸುತ್ತಿದ್ದರು, ಈಚೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಡಾಂಬರು ಬಳಿಯುವುದುಂಟು. ಬಲವನ್ನು ಕೊಡುವುದು ಒಂದು, ನೀರನ್ನು ತಡೆಯುವುದು ಇನ್ನೊಂದು. ಇಟ್ಟಿಗೆಯ ದೋಣಿಗೂ ಹೊರಗಿನಿಂದ ತೆಳುವಾದ ಪಾಲಿಥೀನ್ ಹಾಳೆಯನ್ನು ಸುತ್ತಿದರೆ ಇದೇ ಉಪಾಯವಾಯಿತು.

ಸುತ್ತದೆ ಬಿಟ್ಟರೆ? ಸೆಕೆಂಡಿಗೆ ಒಂದು ಘನ ಸೆಂಟಿಮೀಟರ್ ನೀರು ಒಳಬಂದರೆ ದೋಣಿಯು ನಿಮಿಷಕ್ಕೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಇಳಿಯುತ್ತದೆ. ಇದೇನು ಮಹಾ ಎಂದೆನಿಸಬಹುದು. ಅಪಾಯವಿರುವುದು ಬರಿಯ ತೂಕದಲ್ಲಿ ಅಲ್ಲ. ದೋಣಿ ವಾಲಿದಾಗ ಅದನ್ನು ನೆಟ್ಟಗೆ ನಿಲ್ಲಿಸುವುದು ಅದರ ಅಗಲ. ಒಳಗಿನ ನೀರು ವಾಲಿದ ಕಡೆಗೇ ಹರಿದು ಆ ಶಕ್ತಿಯನ್ನು ಕುಂದಿಸುತ್ತದೆ. ನಮ್ಮ ಅಳತೆಯ ದೋಣಿಯಲ್ಲಿ ಅಗಲವು ಒದಗಿಸಿದ ಭದ್ರತೆಯ ಹತ್ತಿರ ಹತ್ತಿರ ಅರ್ಧದಷ್ಟನ್ನು ಒಳಗೆ ಹರಡಿಕೊಂಡ ನೀರು ಕಸಿದುಕೊಳ್ಳಬಲ್ಲದು. ನಡುವೆ ಉದ್ದಕ್ಕೂ ಒಂದೇ ಒಂದು ಅಡ್ಡಗೋಡೆಯನ್ನು ಕಟ್ಟಿರಿ. ಈ ನಷ್ಟವು ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ.

ಇದು ಆಟದ ಮಾತಲ್ಲ. ೨೦೧೯ರ ಜನವರಿ ೨೧ರಂದು ಕಾರವಾರದ ಬಳಿಯ ಕೂರ್ಮಗಡ ದ್ವೀಪದ ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ ಹದಿನಾರು ಮಂದಿ ಜೀವ ತೆತ್ತರು. ಮಿತಿಗಿಂತ ಹೆಚ್ಚು ಜನರು ಹತ್ತಿದ್ದರೆಂದು ಆಗ ವರದಿಯಾಯಿತು. ಹೆಚ್ಚು ಜನರೇರಿದಷ್ಟೂ ನೀರಿನ ಮೇಲೆ ಉಳಿಯುವ ಅಂಚು ಕಿರಿದಾಗುವುದು. ಅವರು ಎದ್ದು ನಿಂತರೆ ಗುರುತ್ವಕೇಂದ್ರ ಮೇಲೇರುವುದು. ಒಂದೇ ಬದಿಗೆ ಸರಿದರೆ ದೋಣಿ ಆ ಕಡೆಗೆ ವಾಲುವುದು. ಈ ಮೂರನ್ನೂ ಬಕೆಟ್ಟಿನಗಲದ ನೀರಿನಲ್ಲಿ ತನ್ನ ಕೈಯಾರೆ ಕಂಡವನು ತುಂಬಿದ ದೋಣಿಗೆ ಕಾಲಿಡುವ ಮುನ್ನ ಒಂದು ಗಳಿಗೆ ಯೋಚಿಸುವನು, ಇತರರನ್ನೂ ತಡೆಯುವನು. ನಮ್ಮ ವಾದದ ತಿರುಳು ಇದು.

ಮೋಟಾರಿನ ವಿಷಯವಾಗಿ ಒಂದು ಮಾತು. ವೇಗ ಸಾಲದೆಂದು ಎರಡನೆಯ ಮೋಟಾರನ್ನು ಜೋಡಿಸುವ ಆತುರ ಎಲ್ಲರಿಗೂ ಉಂಟು. ನೀರಿನ ತಡೆಯು ಸ್ಥೂಲವಾಗಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಬೇಕಾಗುವ ಸಾಮರ್ಥ್ಯವು ವೇಗದ ಘನಕ್ಕೆ ಅನುಗುಣ. ವೇಗ ಇಮ್ಮಡಿಯಾಗಲು ಎಂಟು ಪಟ್ಟು ಸಾಮರ್ಥ್ಯ ಬೇಕು. ಸಾಮರ್ಥ್ಯವನ್ನು ಇಮ್ಮಡಿಸಿದರೆ ವೇಗವು ಹೆಚ್ಚುವುದು ನೂರಕ್ಕೆ ಇಪ್ಪತ್ತಾರರಷ್ಟು ಮಾತ್ರ. ಹೊಸ ಮೋಟಾರಿನ ತೂಕವು ಅದರಲ್ಲಿಯೂ ಒಂದಿಷ್ಟನ್ನು ನುಂಗುವುದು. ಒಡಲಿನ ಮೂತಿಯನ್ನು ಚೂಪಾಗಿಸುವುದೇ ಜಾಣತನ.

ಆಕ್ಷೇಪಣೆಗಳನ್ನು ನಾವು ಬಲ್ಲೆವು. ಇಟ್ಟಿಗೆಗಳು ದುಬಾರಿ ಎಂಬುದು ನಿಜ. ಆದರೆ ಅವು ಒಮ್ಮೆ ಬಳಸಿ ಎಸೆಯುವ ವಸ್ತುಗಳಲ್ಲ. ಒಂದು ಗಂಟನ್ನು ಹತ್ತು ತಂಡಗಳು ಸರದಿಯಂತೆ ಬಳಸಬಹುದು, ಬಿಚ್ಚಿ ಮತ್ತೆ ಕಟ್ಟಬಹುದು. ಅದೂ ಇಲ್ಲದ ಕಡೆ ಅಡಿಕೆಯ ಹಾಳೆ, ತಗಡಿನ ಡಬ್ಬಿ ಇದ್ದೇ ಇವೆ; ಲೆಕ್ಕ ಬದಲಾಗದು. ಪರೀಕ್ಷೆಗೆ ಸಮಯ ಸಾಲದೆಂಬವರಿಗೆ ನಮ್ಮ ಉತ್ತರವಿಷ್ಟೆ: ಸಾಂದ್ರತೆ, ಪ್ಲವನ, ಗುರುತ್ವಕೇಂದ್ರ, ನ್ಯೂಟನ್ನನ ಮೂರನೆಯ ನಿಯಮ, ವಿದ್ಯುನ್ಮಂಡಲ ಇವೆಲ್ಲವೂ ಎರಡು ಮಧ್ಯಾಹ್ನಗಳಲ್ಲಿ ಒಟ್ಟಿಗೆ ದೊರೆಯುವ ಪ್ರಯೋಗ ಮತ್ತಾವುದಿದೆ? ಕೆರೆಗೆ ಹೋಗುವ ಅಗತ್ಯವೂ ಇಲ್ಲ. ಅಂತರಗಂಗೆಯ ಬಳ್ಳಿ ಪ್ರೊಪೆಲ್ಲರಿಗೆ ಸುತ್ತಿಕೊಂಡೀತು, ಇಟ್ಟಿಗೆಗಳು ಕೆರೆಯ ಪಾಲಾಗಿ ಕಸವಾದಾವು. ಕಾಲೇಜಿನ ಅಂಗಳದ ತೊಟ್ಟಿಯೇ ಸಾಕು.

ಒಂದು ನಿಯಮವನ್ನು ಮಾತ್ರ ಸಡಿಲಿಸಬಾರದು. ದೋಣಿಯನ್ನು ನೀರಿಗಿಳಿಸುವ ಮುನ್ನ ಅದು ಎಷ್ಟು ಆಳಕ್ಕೆ ಇಳಿದೀತು, ಎಷ್ಟು ಹೊರೆಗೆ ಮುಳುಗೀತು ಎಂಬುದನ್ನು ವಿದ್ಯಾರ್ಥಿಯು ಕಾಗದದ ಮೇಲೆ ಬರೆದು ಸಹಿ ಹಾಕಬೇಕು. ಅಂಕಗಳನ್ನು ಕೊಡತಕ್ಕದ್ದು ದೋಣಿ ತೇಲಿತೆಂದಲ್ಲ. ಬರೆದುದಕ್ಕೂ ಕಂಡುದಕ್ಕೂ ಇರುವ ಅಂತರವನ್ನು ಆತನು ಎಷ್ಟು ಪ್ರಾಮಾಣಿಕವಾಗಿ ವಿವರಿಸಿದನೆಂಬುದಕ್ಕೆ. ವಿದ್ಯಾರ್ಥಿ ಮಿತ್ರರೇ, ಅಧ್ಯಾಪಕರ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ಒಂದು ಅಳತೆಪಟ್ಟಿ, ಒಂದು ತಕ್ಕಡಿ, ಒಂದು ತೊಟ್ಟಿ ನೀರು ಇದ್ದರೆ ಈ ವಾರವೇ ಮೊದಲುಮಾಡಬಹುದು. ಮೊದಲು ಲೆಕ್ಕ, ಆಮೇಲೆ ನೀರು.